ಪಾಂಪೆಗೆ ಐದಕ್ಕೆ ಐದು, ಟೂರಿನವರಿಗೆ ಐದಕ್ಕೆ ಎರಡು

ಮೊದಲೇ ಮಾರ್ಕು ಹೇಳಿಬಿಡುತ್ತೇನೆ, ಪೂರ್ತಿ ಓದಲಿಕ್ಕೆ ಪುರುಸೊತ್ತು ಇಲ್ಲದವರಿಗೆ ಅಷ್ಟು ಸಾಕು. ಪಾಂಪೆಗೆ, ಅಂದರೆ ಇಟಲಿಯಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು ಬೂದಿಯಡಿ ಹೂತುಹೋಗಿದ್ದ, ಆಮೇಲೆ ಅಗೆದು ತೆಗೆದ ರೋಮಿನವರ ಕಾಲದ ಊರಿಗೆ, 5ಕ್ಕೆ 5. ನಮ್ಮನ್ನು ಮಂಗಳೂರಿನಿಂದ ಅಲ್ಲಿಗೆ ಕರೆದುಕೊಂಡು ಹೋದ ಟೂರಿನವರಿಗೆ 5ಕ್ಕೆ 2. ಆ ಎರಡರಲ್ಲಿ ಒಂದು ಮಾರ್ಕು ಅವರ ಜೊತೆ ಬಂದ ಅಡುಗೆಯವರಿಗೆ ಸೇರಬೇಕು, ಯಾಕೆಂದರೆ ಆ ಮನುಷ್ಯ ಹೋಟೆಲಿನ ಹಿಂದಿನ ಪಾರ್ಕಿಂಗಿನಲ್ಲಿ ನಿಂತು 34 ಜನರಿಗೆ ಕುಚ್ಚಲಕ್ಕಿ ಗಂಜಿ ಮಾಡಿ ಹಾಕಿದ್ದಾರೆ, ಅದನ್ನು ಮರೆಯುವುದು ಸರಿಯಲ್ಲ.

ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನ ಇಲ್ಲ, ಹೆಚ್ಚಿನವರ ಕಥೆ ಇದೇ ಅಂತ ಆಮೇಲೆ ನಾಲ್ಕು ಜನರ ಹತ್ತಿರ ಕೇಳಿ ಗೊತ್ತಾಯಿತು. ನಮ್ಮ ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ, ನನ್ನ ಕೆಲಸ ಮಂಗಳೂರಿನಲ್ಲಿ. ಅಮ್ಮನಿಗೆ 67 ವರ್ಷ, ಎಡಗಾಲಿನ ಮಂಡಿ ನೋವು, ಆದರೆ ತಿರುಗಾಟಕ್ಕೆ ಯಾವತ್ತೂ ಇಲ್ಲ ಅಂದವರಲ್ಲ. 2025ರ ಮೇ ತಿಂಗಳಲ್ಲಿ ಹತ್ತು ದಿನದ ಇಟಲಿ ಪ್ಯಾಕೇಜಿಗೆ ಇಬ್ಬರೂ ಹೊರಟೆವು. ಬುಕ್ ಮಾಡುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, ಪಾಂಪೆ ಉಂಟಾ ಅಂತ. "ಉಂಟು ಉಂಟು, ಫುಲ್ ಡೇ" ಅಂದಿದ್ದರು. ಫುಲ್ ಡೇ ಅಂದರೆ ಬೆಳಿಗ್ಗೆ ಬಸ್ಸು ಹತ್ತಿದ್ದರಿಂದ ರಾತ್ರಿ ಬಸ್ಸು ಇಳಿಯುವ ತನಕ ಎಂಬ ಅರ್ಥ ಅಂತ ನನಗೆ ಆಗ ಹೊಳೆಯಲಿಲ್ಲ.

ಆ ಫುಲ್ ಡೇ ಹೇಗಿತ್ತು ಹೇಳುತ್ತೇನೆ. ರೋಮಿನಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕಾದ ಬಸ್ಸು ಎಂಟಕ್ಕೆ ಹೊರಟಿತು. ದಾರಿಯಲ್ಲಿ ಎರಡು ಸಲ ಚಾ, ಮೂತ್ರ. ಪಾಂಪೆಗೆ ಸ್ವಲ್ಪ ಮೊದಲು ತೊರ್ರೆ ದೆಲ್ ಗ್ರೇಕೊ ಎಂಬ ಊರು ಸಿಗುತ್ತದೆ. ಚಿಪ್ಪಿನ ಮೇಲೆ ಮುಖ ಕೆತ್ತಿ ಒಡವೆ ಮಾಡುವುದಕ್ಕೆ, ಹವಳಕ್ಕೆ ಹೆಸರುವಾಸಿ ಊರು. ಅಲ್ಲಿ "ಐದೇ ನಿಮಿಷ, ಸುಮ್ನೆ ನೋಡಿ ಬರುವ" ಅಂತ ಒಂದು ಶೋರೂಮಿಗೆ ಇಳಿಸಿದರು. ಕೆತ್ತುವವರ ಕೈಚಳಕ ನಿಜಕ್ಕೂ ಚಂದ, ಸುಳ್ಳು ಹೇಳಬಾರದು. ಆದರೆ ಐದು ನಿಮಿಷ ಒಂದೂಕಾಲು ಗಂಟೆ ಆಯಿತು. ಅಮ್ಮ ಒಂದು ಹವಳದ ಸರ ಕೈಯಲ್ಲಿ ಹಿಡಿದು, ಬೆಲೆ ಕೇಳಿ, ಬಿಸಿ ಪಾತ್ರೆ ಇಟ್ಟ ಹಾಗೆ ಮೆಲ್ಲ ಕೆಳಗಿಟ್ಟರು.

ಅದಾದ ಮೇಲೆ ಪಾಂಪೆಗೆ ಸಿಕ್ಕಿದ್ದು ಒಂದೂಮುಕ್ಕಾಲು ಗಂಟೆ. ಊರು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ: 66 ಹೆಕ್ಟೇರ್, ಅಂದರೆ 163 ಎಕರೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಅಗೆದಿದ್ದಾರೆ, ಉಳಿದದ್ದು ಈಗಲೂ ಮಣ್ಣಿನಡಿಯಲ್ಲೇ ಉಂಟು. 1748ರಲ್ಲಿ ಅಗೆಯಲಿಕ್ಕೆ ಶುರು ಮಾಡಿದವರು ಇನ್ನೂ ಅಗೆಯುತ್ತಲೇ ಇದ್ದಾರೆ. ಅಂಥ ಊರನ್ನು ನಮ್ಮ ಗುಂಪು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕೆಂಪು ಬಾವುಟದ ಹಿಂದೆ ಓಡುತ್ತಾ ನೋಡಿತು. ಲೋಕಲ್ ಗೈಡ್ ಒಳ್ಳೆಯ ಹೆಂಗಸು, ಆದರೆ ಅವರು ಒಂದು ಕಂಬದ ವಿಷಯ ಹೇಳುವಾಗ ನಾವು ಎರಡು ಕಂಬ ಹಿಂದೆ ಇರುತ್ತಿದ್ದೆವು. ಪೇಟೆಯ ಚೌಕ, ಒಂದು ಸ್ನಾನದ ಮನೆ, ಆಮೇಲೆ ಎಲ್ಲ ಗುಂಪುಗಳನ್ನೂ ತಪ್ಪದೆ ಕರೆದುಕೊಂಡು ಹೋಗುವ ಆ ವೇಶ್ಯಾಗೃಹ. ಹತ್ತು ಸಣ್ಣ ಕೋಣೆ, ಕಲ್ಲಿನ ಮಂಚ, ಗೋಡೆಯಲ್ಲಿ ಚಿತ್ರ. ಹೊರಗೆ ಅರ್ಧ ಗಂಟೆ ಕ್ಯೂ. ನಮ್ಮ ಟೂರ್ ಮ್ಯಾನೇಜರ್ ಹಿರಿಯರ ಎದುರು ಏನು ಹೇಳುವುದು ಗೊತ್ತಾಗದೆ "ಇದು ಆಗಿನ ಕಾಲದ ಒಂದು ಲಾಡ್ಜ್" ಅಂದುಬಿಟ್ಟರು. ಗಂಡಸರು ಗೋಡೆ ನೋಡಿದರು, ಹೆಂಗಸರು ನೆಲ ನೋಡಿದರು, ಹೊರಗೆ ಬಂದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಲ್ಲಿಗೆ ಟೈಮ್ ಮುಗಿಯಿತು. ಒಂದು ಮನೆಯ ಒಳಗೂ ಹೋಗಲಿಲ್ಲ ಮಾರಾಯ್ರೆ. ಊರು ನೋಡಲಿಕ್ಕೆ ಹೋಗಿ ಬಸ್ ಸ್ಟ್ಯಾಂಡ್ ನೋಡಿ ಬಂದ ಹಾಗಾಯಿತು.

ಮರುದಿನ ಕಾಪ್ರಿ ದ್ವೀಪ, ಅದಕ್ಕೆ ಬೇರೆ ದುಡ್ಡು, ಬೋಟಿನಲ್ಲಿ ಹೋಗುವುದು. ಅಮ್ಮನಿಗೆ ಬೋಟು ಆಗುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಒಂದು ಸಲ ಹೋಗಿ ವಾಂತಿ ಮಾಡಿಕೊಂಡವರು, "ಮನೆಯೆದುರಿನ ದ್ವೀಪವೇ ಸಾಕು" ಅಂದರು. ನಮ್ಮ ಹೋಟೆಲು ಸೊರೆಂಟೊದಲ್ಲಿ. ಅಲ್ಲಿಂದ ಪಾಂಪೆಗೆ ಲೋಕಲ್ ರೈಲು ಉಂಟು, ಬರೀ ಅರ್ಧ ಗಂಟೆ, ಟಿಕೆಟ್ ಮೂರು ಯೂರೋದ ಆಸುಪಾಸು. ನಾನು ಮೆಲ್ಲ ಕೇಳಿದೆ, ಪುನಃ ಹೋಗುವನಾ ಅಂತ. ಅಮ್ಮ ಚೀಲಕ್ಕೆ ಕೊಡೆ ಹಾಕಿಯೇ ಬಿಟ್ಟರು.

ಇಲ್ಲೊಂದು ಎಚ್ಚರಿಕೆ. 2024ರ ನವೆಂಬರಿನಿಂದ ದಿನಕ್ಕೆ 20,000 ಜನರನ್ನು ಮಾತ್ರ ಬಿಡುತ್ತಾರೆ, ಟಿಕೆಟಿನಲ್ಲಿ ಹೆಸರು ಇರಬೇಕು, ಗುರುತಿನ ಚೀಟಿ ಜೊತೆಗೆ ಬೇಕು. ನಾನು ರಾತ್ರಿ ಮೊಬೈಲಿನಲ್ಲಿ ಬುಕ್ ಮಾಡುವಾಗ ಅಮ್ಮನ ಹೆಸರಿನ ಹತ್ತಿರ ಸಿಕ್ಕಿಬಿದ್ದೆ. ಅದಕ್ಕೆ ಸರ್‌ನೇಮ್ ಬೇಕಂತೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು, ಆ ಕಾಲದವರಿಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಕೊನೆಗೆ ಅದೇ ಹೆಸರನ್ನು ಎರಡು ಸಲ ಹಾಕಿದೆ. ಗೇಟಿನವನು ಟಿಕೆಟ್ ನೋಡಿದ, ಪಾಸ್‌ಪೋರ್ಟ್ ನೋಡಿದ, ಅಮ್ಮನ ಕೊಡೆ ನೋಡಿದ, ನಗಾಡಿ ಬಿಟ್ಟ. ನಾವು ಹೋದಾಗ ಊರಿನ ಒಳಗಿನದಕ್ಕೆ ಮಾತ್ರ 18 ಯೂರೋ, ಹೊರಗಿನ ವಿಲ್ಲಾಗಳೂ ಸೇರಿದರೆ 22. ತಿಂಗಳ ಮೊದಲ ಭಾನುವಾರ ಫ್ರೀ, ಆದರೆ ಆ ದಿನದ ರಶ್ಶಿನಲ್ಲಿ ಹೋಗುವುದಕ್ಕಿಂತ ದುಡ್ಡು ಕೊಡುವುದು ಲೇಸು.

ರೈಲಿನ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಏಸಿ ಇಲ್ಲ, ಬೋಗಿಯ ಮೇಲೆಲ್ಲ ಪೇಂಟಿನ ಗೀಚು, ಜನ ನೇತಾಡಿಕೊಂಡು ಬರುತ್ತಾರೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಸಂಜೆ ಆರರ ಸಿಟಿ ಬಸ್ಸಿಗೆ ಹತ್ತಿ ಅಭ್ಯಾಸ ಇದ್ದವರಿಗೆ ಇದೇನೂ ದೊಡ್ಡದಲ್ಲ. ದಾರಿಯಲ್ಲಿ ಕಾಸ್ತೆಲ್ಲಮ್ಮಾರೆ ದಿ ಸ್ತಾಬಿಯಾ ಅಂತ ಒಂದು ಸ್ಟೇಶನ್ ಬರುತ್ತದೆ. ಅಲ್ಲಿ ಕಿಟಕಿಯಿಂದ ಹೊರಗೆ ನೋಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸ್ಟೇಶನ್ನಿನಿಂದ ಹೊರಗೆ ಬಂದರೆ ಎದುರೇ ಗೇಟು, ಪೋರ್ತಾ ಮರೀನಾ, ಸಮುದ್ರದ ಬಾಗಿಲು. ಈಗ ಸಮುದ್ರ ದೂರ ಹೋಗಿದೆ, ಆಗ ಹತ್ತಿರ ಇತ್ತು. ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯುತ್ತಾರೆ, ಬೇಸಗೆ ಸಮಯದಲ್ಲಿ ಸಂಜೆ 7ರ ತನಕ. ದೊಡ್ಡ ಬ್ಯಾಗು ಬಿಡುವುದಿಲ್ಲ, 30 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಹೊರಗೆ ಇಡಬೇಕು. ನಾವು 9:10ಕ್ಕೆ ಒಳಗಿದ್ದೆವು. ಟೂರ್ ಬಸ್ಸುಗಳು ಬರುವ ಮೊದಲಿನ ಆ ಒಂದು ಗಂಟೆಗೆ ನೀವು ಏನು ಬೇಕಾದರೂ ಕೊಡಬಹುದು. ಬೀದಿ ಖಾಲಿ, ಹಕ್ಕಿ ಕೂಗು, ಎದುರಿಗೆ ವೆಸೂವಿಯಸ್ ಬೆಟ್ಟ, ಕುದುರೆಮುಖದ ಹಾಗೆ ಸುಮ್ನೆ ನಿಂತುಕೊಂಡಿತ್ತು. ಅದು ಕೊನೆಯ ಸಲ ಬೆಂಕಿ ಉಗುಳಿದ್ದು 1944ರಲ್ಲಿ, ತೀರಾ ಹಳೆಯ ಕಥೆಯೂ ಅಲ್ಲ.

ಬೀದಿಗಳ ಬಗ್ಗೆ ಹೇಳದಿದ್ದರೆ ಈ ರಿವ್ಯೂ ಬರೆದು ಪ್ರಯೋಜನ ಇಲ್ಲ. ಲಾವಾ ಕಲ್ಲಿನ ದೊಡ್ಡ ದೊಡ್ಡ ಚಪ್ಪಡಿ, ಅದರಲ್ಲಿ ಗಾಡಿಚಕ್ರ ಕೊರೆದ ಗೆರೆಗಳು, ಕೆಲವು ಕಡೆ ಬೆರಳು ಪೂರ್ತಿ ಮುಳುಗುವಷ್ಟು ಆಳ. ಎರಡೂ ಬದಿ ಎತ್ತರದ ಫುಟ್‌ಪಾತ್. ರಸ್ತೆಗೆ ಅಡ್ಡವಾಗಿ ಮೂರು ಮೂರು ಉಬ್ಬುಕಲ್ಲು ಇಟ್ಟಿದ್ದಾರೆ, ಈ ಬದಿಯಿಂದ ಆ ಬದಿಗೆ ಕಾಲು ಒದ್ದೆಯಾಗದೆ ದಾಟಲಿಕ್ಕೆ, ಯಾಕೆಂದರೆ ಮಳೆನೀರು, ಕಾರಂಜಿಯ ನೀರು, ಹೊಲಸು ಎಲ್ಲ ರಸ್ತೆಯಲ್ಲೇ ಹರಿಯುತ್ತಿತ್ತು. ಕಲ್ಲುಗಳ ನಡುವೆ ಗಾಡಿಯ ಚಕ್ರ ಹೋಗುವಷ್ಟು ಜಾಗ ಬಿಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯ ಮಳೆನೀರಿನಲ್ಲಿ ಪ್ಯಾಂಟು ಮಡಚಿಕೊಂಡು ನಿಂತವರಿಗೆ ಆ ಮೂರು ಕಲ್ಲಿನ ಬೆಲೆ ಗೊತ್ತಾಗುತ್ತದೆ.

ಬೀದಿ ಸೇರುವಲ್ಲೆಲ್ಲ ಕಲ್ಲಿನ ತೊಟ್ಟಿ, ಅದಕ್ಕೆ ಒಂದು ಮುಖ ಕೆತ್ತಿದ ಕಲ್ಲು, ಬಾಯಿಯಿಂದ ನೀರು. ಕೆಲವದರಲ್ಲಿ ಈಗಲೂ ನಲ್ಲಿ ಹಾಕಿದ್ದಾರೆ, ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ಒಂದು ತೊಟ್ಟಿಯ ಹತ್ತಿರ ಅಮ್ಮ ನಿಂತುಬಿಟ್ಟರು. ತೊಟ್ಟಿಯ ಅಂಚಿನಲ್ಲಿ, ಬಾಯಿಯ ಪಕ್ಕದಲ್ಲೇ, ಕಲ್ಲು ಒಂದು ಬದಿ ಸವೆದು ಗುಳಿ ಬಿದ್ದಿತ್ತು. ನೀರು ಕುಡಿಯಲಿಕ್ಕೆ ಬಗ್ಗಿದವರೆಲ್ಲ ಕೈ ಊರಿದ ಜಾಗ. ಅಮ್ಮ ಅಂಗೈ ಇಟ್ಟು ನೋಡಿದರು, ಸರಿಯಾಗಿ ಕೂತಿತು. "ನಮ್ಮ ಬಾವಿಕಟ್ಟೆಯಲ್ಲಿ ಹಗ್ಗದ ಗೆರೆ ಉಂಟಲ್ಲ, ಹಾಗೆ" ಅಂದರು. ನಿನ್ನೆ ಗೈಡ್ ಇದೇ ತೊಟ್ಟಿಯ ಪಕ್ಕದಿಂದ ನಮ್ಮನ್ನು ಓಡಿಸಿಕೊಂಡು ಹೋಗಿದ್ದರು.

ಇನ್ನು ಮನೆಗಳು. ಒಂದೇ ಮನೆ ನೋಡುವಷ್ಟು ಟೈಮ್ ಇದ್ದರೆ ವೆತ್ತಿಯವರ ಮನೆ ನೋಡಿ. ಗುಲಾಮರಾಗಿದ್ದು ಬಿಡುಗಡೆಯಾಗಿ, ಆಮೇಲೆ ವ್ಯಾಪಾರದಲ್ಲಿ ದುಡ್ಡು ಮಾಡಿದ ಇಬ್ಬರು ಕಟ್ಟಿಸಿಕೊಂಡ ಠೀವಿ. ತುಂಬಾ ವರ್ಷ ರಿಪೇರಿಗೆ ಅಂತ ಮುಚ್ಚಿತ್ತು, 2023ರ ಜನವರಿಯಲ್ಲಿ ತೆರೆದರು. ಬಾಗಿಲಿನಲ್ಲೇ ಒಂದು ಚಿತ್ರ ಉಂಟು, ಅದನ್ನು ಇಲ್ಲಿ ವಿವರಿಸುವ ಹಾಗಿಲ್ಲ. ಪ್ರಿಯಾಪಸ್ ಎಂಬ ದೇವರು ತನ್ನ ಅಂಗವನ್ನು ತಕ್ಕಡಿಯಲ್ಲಿ ದುಡ್ಡಿನ ಚೀಲದ ಎದುರು ತೂಗುತ್ತಿರುವುದು. ನಾನು ಅಮ್ಮನನ್ನು ಬೇರೆ ಕಡೆ ತಿರುಗಿಸಲಿಕ್ಕೆ ನೋಡಿದೆ. ಅಷ್ಟರಲ್ಲಿ ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿ ಆಗಿತ್ತು. "ದೃಷ್ಟಿಗೆ ಇಟ್ಟದ್ದಾ?" ಅಂದು ಒಳಗೆ ನಡೆದರು. ವಿಷಯ ಅದೇ. ಬಂದವರ ಕೆಟ್ಟ ಕಣ್ಣು ತಾಗದಿರಲಿ ಅಂತ ಹಾಕಿದ್ದು ಎಂದು ಓದಿದವರೂ ಹೇಳುತ್ತಾರೆ, ನಾವು ಹೊಸ ಮನೆಯೆದುರು ಬೂದುಗುಂಬಳಕ್ಕೆ ಮೀಸೆ ಬರೆದು ನೇತುಹಾಕುವ ಹಾಗೆ.

ಒಳಗೆ ಹೋದರೆ ನಮ್ಮ ಕಡೆಯ ಸುತ್ತುಮನೆಯೇ. ನಡುವೆ ಮಾಡು ತೆರೆದು ಮಳೆನೀರು ಅಂಗಳದ ತೊಟ್ಟಿಗೆ ಬೀಳುತ್ತದೆ, ಸುತ್ತ ಕೋಣೆಗಳು. ಪಕ್ಕದ ಸಣ್ಣ ಅಂಗಳದ ಗೋಡೆಯಲ್ಲಿ ಗುಡಿಯ ಹಾಗೆ ಮಾಡಿ, ಮನೆದೇವರ ಚಿತ್ರ ಬರೆದಿದ್ದಾರೆ. ನಡುವೆ ಮನೆಯ ಯಜಮಾನನನ್ನು ಕಾಯುವ ದೇವರು, ಎರಡು ಬದಿ ಕುಣಿಯುತ್ತಿರುವ ಹುಡುಗರ ಹಾಗೆ ಲಾರ್ ದೇವರುಗಳು, ಕೆಳಗೆ ಉದ್ದಕ್ಕೆ ಒಂದು ಹಾವು, ತಲೆಗೆ ಜುಟ್ಟು, ಗದ್ದಕ್ಕೆ ಗಡ್ಡ, ಬಲಿಪೀಠದ ಕಡೆಗೆ ಹೋಗುತ್ತಾ ಉಂಟು. ಪಾಂಪೆಯ ಎಷ್ಟೋ ಮನೆಗಳಲ್ಲಿ ಹೀಗೆ ಹಾವು ಬರೆದಿದ್ದಾರೆ, ಕೆಲವು ಕಡೆ ಎರಡೆರಡು. ಮನೆಯನ್ನು, ಜಾಗವನ್ನು ಕಾಯುವುದು ಅದೇ ಎಂಬ ನಂಬಿಕೆ. ಅಮ್ಮ ಚಪ್ಪಲಿ ಕಳಚಿದರು. ನಾನು ಬೇಡ ಅನ್ನುವ ಮೊದಲು ಕೈ ಮುಗಿದು, ಕಣ್ಣು ಮುಚ್ಚಿ, ಬಾಯಿಯಲ್ಲಿ ಏನೋ ಹೇಳಿಕೊಂಡರು. ಪಕ್ಕದಲ್ಲಿದ್ದ ಜಪಾನಿನವರ ಗುಂಪು ಮೊಬೈಲು ಕೆಳಗಿಳಿಸಿ ಒಂದು ಹೆಜ್ಜೆ ಹಿಂದೆ ಸರಿಯಿತು. ನಾಗರಪಂಚಮಿಗೆ ಬನಕ್ಕೆ ಹಾಲು ಹಾಕುವವರಿಗೆ ಇದು ಯಾವ ದೇಶ ಅಂತ ಬೇರೆ ಹೇಳಬೇಕಾ? ಹೊರಗೆ ಬಂದ ಮೇಲೆ ಅಮ್ಮನ ಒಂದೇ ತಕರಾರು, ಅರಸಿನ ಇಲ್ಲದೆ ನಾಗ ಎಂತದ್ದು ಅಂತ.

ಊಟದ ವಿಷಯಕ್ಕೆ ಬರುತ್ತೇನೆ. ಆಗಿನ ಊಟ, ಈಗಿನದಲ್ಲ. ಈಗಿನದ್ದು ಕೇಳಬೇಡಿ: ಒಳಗಿನ ಕೆಫೆಯಲ್ಲಿ ತಣ್ಣಗಿನ ಬ್ರೆಡ್ಡಿಗೆ ಕೊಟ್ಟ ದುಡ್ಡಿನಲ್ಲಿ ಉಡುಪಿಯಲ್ಲಿ ಮನೆಮಂದಿಗೆಲ್ಲ ಊಟ ಆಗುತ್ತಿತ್ತು. ನಾವು ಅವಲಕ್ಕಿ, ಬಾಳೆಹಣ್ಣು ಕಟ್ಟಿಕೊಂಡು ಹೋಗಿದ್ದೆವು, ನೀವೂ ಹಾಗೆ ಮಾಡಿ. ಆಗಿನದ್ದು ಮಾತ್ರ ಭರ್ಜರಿ. ರಸ್ತೆ ಬದಿಯಲ್ಲಿ ಸಾಲಾಗಿ ಗೂಡಂಗಡಿಗಳು, ಕಲ್ಲಿನ ಕಟ್ಟೆ, ಕಟ್ಟೆಯಲ್ಲಿ ಹುಗಿದ ದೊಡ್ಡ ದೊಡ್ಡ ಭರಣಿಗಳು. ನಿಂತುಕೊಂಡೇ ತಿಂದು ಹೋಗುವುದು. 2020ರಲ್ಲಿ ಪೂರ್ತಿ ಅಗೆದು ತೆಗೆದ ಒಂದು ಅಂಗಡಿಯ ಕಟ್ಟೆಯ ಮೇಲೆ ಕೋಳಿ, ಬಾತು, ಸರಪಳಿ ಕಟ್ಟಿದ ನಾಯಿ ಎಲ್ಲ ಬಣ್ಣದಲ್ಲಿ ಬರೆದದ್ದು ಹಾಗೇ ಉಂಟು. ಭರಣಿಯ ತಳದಲ್ಲಿ ಬಾತು, ಆಡು, ಹಂದಿ, ಮೀನು, ಬಸವನಹುಳದ ಚೂರುಗಳು ಸಿಕ್ಕಿದವು. ಅಂದರೆ ಮೆನು ಕಾರ್ಡೂ ಉಂಟು, ಪಾತ್ರೆಯಲ್ಲಿ ಉಳಿದದ್ದೂ ಉಂಟು.

ಬೇಕರಿಯಲ್ಲಿ ನಾವು ಅರ್ಧ ಗಂಟೆ ಇದ್ದೆವು. ಆಳೆತ್ತರದ ಬೀಸುವ ಕಲ್ಲುಗಳು, ನಡು ಸಪೂರ, ಡಮರು ನಿಲ್ಲಿಸಿದ ಹಾಗೆ, ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಒಂದು ಬೇಕರಿಯ ಒಲೆಯಲ್ಲಿ 81 ರೊಟ್ಟಿಗಳು ಕರಿಯಾಗಿ ಸಿಕ್ಕಿದ್ದವು, ಹಾಕಿದವರಿಗೆ ತೆಗೆಯಲಿಕ್ಕೆ ಟೈಮ್ ಸಿಗಲಿಲ್ಲ. ಅಮ್ಮನಿಗೆ ರೊಟ್ಟಿಗಿಂತ ಕಲ್ಲಿನ ಮೇಲೆ ಆಸೆ. ಕಲ್ಲು ಸವರಿ ನೋಡಿ, "ಇದಕ್ಕೆ ಉಳಿ ಹೊಡೆಸುವುದು ಬೇಡ" ಅಂದರು. ನಮ್ಮ ಅರೆಯುವ ಕಲ್ಲು ನುಣುಪಾದರೆ ಉಳಿಯಿಂದ ಹೊಡೆದು ಪುನಃ ಒರಟು ಮಾಡಿಕೊಡುವವರು ಮೊದಲು ಮನೆಮನೆಗೆ ಬರುತ್ತಿದ್ದರಲ್ಲ, ಅದು. ಈ ಕಲ್ಲು ಲಾವಾ, ಮೈಯೆಲ್ಲ ತೂತು, ಸವೆದ ಹಾಗೆ ಹೊಸ ತೂತು ಹೊರಗೆ ಬರುತ್ತದೆ, ಅದಕ್ಕೇ ಬೀಸಲಿಕ್ಕೆ ಅದನ್ನು ಆರಿಸಿಕೊಂಡದ್ದು. ನಾನು ಇದನ್ನು ಎಲ್ಲೋ ಓದಿದ್ದೆ. ಅಮ್ಮ ಬೆರಳಿನಿಂದ ಹೇಳಿದರು.

ಇನ್ನೊಂದು ಗಾರುಂ. ಮೀನಿನ ಕರುಳು, ಸಣ್ಣ ಮೀನು ಎಲ್ಲ ಉಪ್ಪು ಹಾಕಿ ಬಿಸಿಲಿನಲ್ಲಿ ಇಟ್ಟು, ಅದರಿಂದ ಇಳಿಯುವ ರಸ. ರೋಮಿನವರು ಇದನ್ನು ಎಲ್ಲದಕ್ಕೂ ಹಾಕುತ್ತಿದ್ದರು. ಪಾಂಪೆಯ ಉಂಬ್ರಿಕಿಯಸ್ ಸ್ಕಾರಸ್ ಎಂಬವನು ಈ ವ್ಯಾಪಾರದಲ್ಲೇ ದೊಡ್ಡ ಸಾಹುಕಾರನಾಗಿ, ಮನೆಯ ನೆಲದಲ್ಲಿ ತನ್ನ ಗಾರುಂ ಬಾಟಲಿಯ ಚಿತ್ರವನ್ನು ಸಣ್ಣ ಸಣ್ಣ ಕಲ್ಲು ಜೋಡಿಸಿ ಮಾಡಿಸಿದ್ದ, "ಉತ್ತಮ ದರ್ಜೆಯದು" ಅಂತ ಜಾಹೀರಾತು ಸಮೇತ. ವಾಸನೆ ಹೇಗಿದ್ದಿರಬಹುದು ಅಂತ ಬೇರೆಯವರು ಊಹೆ ಮಾಡಬೇಕು. ಮಲ್ಪೆ ಬಂದರಿನ ಗಾಳಿ ಕುಡಿದು ಬೆಳೆದವರಿಗೆ ಆ ಕಷ್ಟ ಇಲ್ಲ.

ಈಗ ಆ ಸ್ಟೇಶನ್ನಿನ ವಿಷಯ. ಕ್ರಿ.ಶ. 79ರಲ್ಲಿ ಬೆಟ್ಟ ಸಿಡಿದಾಗ ಕೊಲ್ಲಿಯ ಆಚೆ ದಡದಲ್ಲಿ ರೋಮಿನ ನೌಕಾಪಡೆಯ ಮುಖ್ಯಸ್ಥನಾಗಿ ಪ್ಲಿನಿ ಎಂಬ ದೊಡ್ಡ ಪಂಡಿತ ಇದ್ದ. ಜನರನ್ನು ಕಾಪಾಡಲಿಕ್ಕೆ ಹಡಗು ತಗೊಂಡು ಬಂದವನು ಸ್ತಾಬಿಯಾದ ದಡದಲ್ಲಿ ಸತ್ತ. ರೈಲಿನ ಕಿಟಕಿಯಲ್ಲಿ ಕಂಡ ಊರು ಅದೇ. ಈ ಪ್ಲಿನಿ ನಮಗೆ ಪರಕೀಯ ಅಲ್ಲ. ಭಾರತಕ್ಕೆ ಹಡಗಿನಲ್ಲಿ ಹೋಗುವ ದಾರಿ ಬರೆಯುವಾಗ ಅವನು, ಕೇರಳ ಕರಾವಳಿಯ ಮುಜಿರಿಸ್ ಬಂದರಿನಲ್ಲಿ ಇಳಿಯುವುದು ಕ್ಷೇಮ ಅಲ್ಲ, ಹತ್ತಿರದಲ್ಲೇ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರು ಇದ್ದಾರೆ ಅಂತ ಎಚ್ಚರಿಸಿದ್ದಾನೆ. ನಿತ್ರಿಯಾಸ್ ಅಂದರೆ ನಮ್ಮ ನೇತ್ರಾವತಿಯ ಬಾಯಿ, ಅಂದರೆ ಮಂಗಳೂರೇ ಅಂತ ಹಲವು ಇತಿಹಾಸಕಾರರ ಅಭಿಪ್ರಾಯ. ಕಾಳುಮೆಣಸಿಗೆ ಬರೀ ಖಾರ ಬಿಟ್ಟರೆ ಬೇರೆ ಗುಣ ಇಲ್ಲ, ಅದಕ್ಕೋಸ್ಕರ ಭಾರತದ ತನಕ ಹೋಗುತ್ತೇವಲ್ಲ ಅಂತ ಗೊಣಗಿದ್ದೂ ಅವನೇ, ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ನುಂಗುತ್ತದೆ ಅಂತ ಲೆಕ್ಕ ಕೊಟ್ಟದ್ದೂ ಅವನೇ. ಇದನ್ನೆಲ್ಲ ನಾನು ಅಮ್ಮನಿಗೆ ಒಂದು ಗೋಡೆಯ ನೆರಳಿನಲ್ಲಿ ಅವಲಕ್ಕಿ ತಿನ್ನುತ್ತಾ ಹೇಳಿದೆ. ಎಲ್ಲ ಕೇಳಿ ಅಮ್ಮ, "ಹಾಗಾದ್ರೆ ಹವಳದ ಅಂಗಡಿಯವರು ಈಗ ಆ ದುಡ್ಡು ವಾಪಸ್ ತಗೊಳ್ಳುವುದು" ಅಂದರು.

ದಂತದ ಒಂದು ಹೆಣ್ಣಿನ ಮೂರ್ತಿ ಕೂಡ ಇಲ್ಲಿ ಸಿಕ್ಕಿದೆ, 1938ರಲ್ಲಿ, ಸುಮಾರು 25 ಸೆಂಟಿಮೀಟರ್ ಎತ್ತರ, ನಮ್ಮ ದೇಶದಲ್ಲಿ ಕೆತ್ತಿದ್ದು. ಪಾಂಪೆಯ ಲಕ್ಷ್ಮಿ ಅಂತ ಹೆಸರಾಯಿತು, ಲಕ್ಷ್ಮಿ ಅಲ್ಲ ಯಕ್ಷಿ ಇರಬೇಕು ಅಂತ ಈಗ ಹೇಳುವವರು ಜಾಸ್ತಿ. ಅದು ಇರುವುದು ನೇಪಲ್ಸಿನ ಮ್ಯೂಸಿಯಮ್ಮಿನಲ್ಲಿ. ರೊಟ್ಟಿಗಳು, ಒಳ್ಳೊಳ್ಳೆಯ ಚಿತ್ರಗಳು, ಅಲೆಕ್ಸಾಂಡರನ ಯುದ್ಧದ ದೊಡ್ಡ ಮೊಸಾಯಿಕ್ಕಿನ ಅಸಲು, ಎಲ್ಲ ಅಲ್ಲೇ, ಪಾಂಪೆಯಲ್ಲಿ ಇರುವುದು ನಕಲು. ನಮ್ಮ ಪ್ಯಾಕೇಜಿನಲ್ಲಿ ಆ ಮ್ಯೂಸಿಯಂ ಇರಲಿಲ್ಲ. ಶೋರೂಮಿಗೆ ಕೊಟ್ಟ ಒಂದೂಕಾಲು ಗಂಟೆ ಅಲ್ಲಿ ಕೊಟ್ಟಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ನಿಮ್ಮದೇ ಪ್ಲಾನ್ ಆದರೆ ಮ್ಯೂಸಿಯಮ್ಮಿಗೆ ಮಂಗಳವಾರ ರಜೆ, ನೆನಪಿಟ್ಟುಕೊಳ್ಳಿ.

ಗೋಡೆ ಬರಹ ಓದಲಿಕ್ಕೆ ಬರುವುದಿಲ್ಲ, ಆದರೂ ನೋಡಿ. ಚುನಾವಣೆಯ ಪ್ರಚಾರ ಕೆಂಪು ಬಣ್ಣದಲ್ಲಿ ಹಾಗೇ ಉಂಟು, ಇಂಥವನಿಗೆ ಬೇಕರಿಯವರ ಬೆಂಬಲ, ಹಣ್ಣಿನವರ ಬೆಂಬಲ ಅಂತ. ವಾಟಿಯಾ ಎಂಬ ಒಬ್ಬನಿಗೆ ಎದುರು ಪಾರ್ಟಿಯವರೇ ಇರಬೇಕು, "ಸಣ್ಣ ಕಳ್ಳರ ಬೆಂಬಲ", "ತಡರಾತ್ರಿ ಕುಡಿಯುವವರ ಬೆಂಬಲ" ಅಂತ ಬರೆದು ಇಟ್ಟಿದ್ದಾರೆ. ಇನ್ನೊಬ್ಬ ಯಾರೋ, ಗೋಡೆಯೇ, ಇಷ್ಟು ಜನ ಗೀಚಿದ್ದನ್ನು ಹೊತ್ತುಕೊಂಡೂ ನೀನು ಕುಸಿದು ಬೀಳಲಿಲ್ಲವಲ್ಲ, ಅಂತ ಅದೇ ಗೋಡೆಯ ಮೇಲೆ ಗೀಚಿದ್ದ.

ಆಂಫಿಥಿಯೇಟರಿಗೆ ಕೊನೆಗೆ ಹೋದೆವು, ಊರಿನ ಆ ತುದಿ. 20,000 ಜನ ಕೂರುವಂಥದ್ದು. ಕ್ರಿ.ಶ. 59ರಲ್ಲಿ ಇಲ್ಲಿ ಪಕ್ಕದ ಊರಿನವರ ಜೊತೆ ದೊಡ್ಡ ಹೊಡೆದಾಟ ಆಗಿ, ರೋಮಿನವರು ಹತ್ತು ವರ್ಷ ಆಟ ನಿಷೇಧಿಸಿದರು. ಅಮ್ಮ ಮೆಟ್ಟಿಲಿನಲ್ಲಿ ಕೂತು ಮಂಡಿ ನೀವಿಕೊಂಡರು, ನಾನು ಫೋಟೋ ತೆಗೆದೆ, ಅಷ್ಟೇ.

ಅದಕ್ಕಿಂತ ಮೊದಲು ಓಡಿಹೋದವರ ತೋಟ ಅಂತ ಒಂದು ಜಾಗ. ಅದರ ಬಗ್ಗೆ ಹೇಗೆ ಬರೆಯುವುದು ಗೊತ್ತಾಗುತ್ತಿಲ್ಲ. ಬೂದಿಯಲ್ಲಿ ಸಿಕ್ಕಿದವರ ದೇಹ ಕರಗಿ ಹೋಗಿ, ಗಟ್ಟಿಯಾದ ಬೂದಿಯಲ್ಲಿ ಅವರ ಆಕಾರದ ಟೊಳ್ಳು ಉಳಿಯಿತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಎಂಬವರು ಆ ಟೊಳ್ಳಿಗೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದರು. ಈ ತೋಟದಲ್ಲಿ 13 ಜನ, ದೊಡ್ಡವರು, ಮಕ್ಕಳು, ಗಾಜಿನ ಆಚೆ ಮಲಗಿದ ಹಾಗೆ. ಒಬ್ಬರು ಕೈ ಊರಿ ಏಳಲಿಕ್ಕೆ ನೋಡುತ್ತಿದ್ದಾರೆ. ಬೇರೊಂದು ಮನೆಯಲ್ಲಿ ಚಿನ್ನದ ಬಳೆ ತೊಟ್ಟವರ ಹತ್ತಿರ ಒಂದು ಮಗು ಸಿಕ್ಕಿತ್ತು, ತಾಯಿ ಮಗು ಅಂತ ಇಷ್ಟು ವರ್ಷ ಎಲ್ಲರೂ ಹೇಳಿದರು. 2024ರಲ್ಲಿ ಡಿಎನ್‌ಎ ನೋಡಿದರೆ ಅದು ಗಂಡಸು, ಮಗುವಿಗೆ ರಕ್ತಸಂಬಂಧವೇ ಇಲ್ಲ. ಇದನ್ನು ಹೇಳಿದ್ದಕ್ಕೆ ಅಮ್ಮ ಕೊಡೆ ಮಡಚಿ, ಬಿಸಿಲಿನಲ್ಲೇ ನಿಂತು, "ಸಂಬಂಧ ಇಲ್ಲದವನೇ ಎತ್ತಿಕೊಂಡದ್ದಾ" ಅಂದರು. ಅಲ್ಲಿ ಫೋಟೋ ತೆಗೆಯಲಿಕ್ಕೆ ಬಿಡಲಿಲ್ಲ.

ಇನ್ನು ಕುಂದುಕೊರತೆ. ನೆರಳು ಇಲ್ಲವೇ ಇಲ್ಲ. ಸೆಖೆ ನಮ್ಮ ಕಡೆಯಷ್ಟು ಅಲ್ಲ, ಬೆವರು ಬರುವುದಿಲ್ಲ, ಆದರೆ ಬಿಸಿಲು ನೆತ್ತಿಗೆ ಹೊಡೆಯುತ್ತದೆ, ಕೊಡೆ ಬೇಕೇ ಬೇಕು. ಟಾಯ್ಲೆಟ್ ಕಡಿಮೆ, ಕಂಡಲ್ಲಿ ಹೋಗಿಬಿಡಿ. ಮನೆಗಳನ್ನು ಸರದಿಯಲ್ಲಿ ತೆರೆಯುತ್ತಾರೆ, ನಕ್ಷೆಯಲ್ಲಿ ನೋಡಿ ಆಸೆಯಿಂದ ಹೋದ ಎರಡು ಮನೆಗೆ ಬೀಗ. ಬೋರ್ಡುಗಳು ಸಾಕಷ್ಟಿಲ್ಲ, ಓದಿಕೊಂಡು ಹೋಗದಿದ್ದರೆ ಬರೀ ಮುರಿದ ಗೋಡೆ ಕಾಣುತ್ತದೆ. ಆ ಲಾವಾ ಕಲ್ಲಿನಲ್ಲಿ ನಡೆದು ಸಂಜೆಗೆ ನನ್ನ ಕಾಲೇ ಬಚ್ಚಿತ್ತು, ಅಮ್ಮನ ಮಂಡಿಯ ಬಗ್ಗೆ ಕೇಳುವುದೇ ಬೇಡ. ಗಾಲಿಕುರ್ಚಿಯವರಿಗೆ, ಮಂಡಿ ನೋವಿನವರಿಗೆ ಆಂಫಿಥಿಯೇಟರ್ ಕಡೆಯ ಗೇಟಿನಿಂದ ಮೂರು ಕಿಲೋಮೀಟರಿಗಿಂತ ಉದ್ದದ ಸಪಾಟು ದಾರಿ ಮಾಡಿದ್ದಾರೆ. ಇದು ನನಗೆ ಗೊತ್ತಾದದ್ದು ಆ ಗೇಟಿನಿಂದ ಹೊರಗೆ ಬರುವಾಗ. ಟೂರಿನವರು ಹೇಳಬೇಕಾದ ಮಾತು ಅದು, ಅರ್ಧ ಗುಂಪಿಗೆ ಅರುವತ್ತು ದಾಟಿತ್ತು.

ಒಂದು ಸಣ್ಣ ಕಲ್ಲು ನೆನಪಿಗೆ ಅಂತ ಕಿಸೆಗೆ ಹಾಕಿದ್ದೆ, ಒಪ್ಪಿಕೊಳ್ಳುತ್ತೇನೆ. ಹಾಗೆ ಕದ್ದು ತಗೊಂಡು ಹೋದವರು ಮನೆಯಲ್ಲಿ ಕೆಟ್ಟದಾಯಿತು ಅಂತ ಕ್ಷಮೆ ಕೇಳಿ ಪೋಸ್ಟಿನಲ್ಲಿ ವಾಪಸ್ ಕಳಿಸುವುದು ಅಲ್ಲಿ ಮಾಮೂಲಂತೆ. ಅಮ್ಮ ಅದನ್ನು ಓದಿದವರಲ್ಲ. ಗೇಟಿನ ಹತ್ತಿರ ಬರುವಾಗ "ಜಾಗದ ಕಲ್ಲು ಮನೆಗೆ ಬರಬಾರದು ಮಗಾ" ಅಂತ ಮಾತ್ರ ಅಂದರು. ಹೇಗೆ ಗೊತ್ತಾಯಿತೋ. ತೆಗೆದು ಅಲ್ಲೇ ಇಟ್ಟೆ.

ಹೋಟೆಲಿಗೆ ಬಂದಾಗ ಕಾಪ್ರಿಗೆ ಹೋದವರು ಬಂದಿದ್ದರು, ಅರ್ಧ ಜನರಿಗೆ ವಾಂತಿ. ನಿನ್ನೆ ನೋಡಿದ ಊರಿಗೆ ಇನ್ನೊಂದು ಸಲ ಯಾಕೆ ಹೋದದ್ದು ಅಂತ ಟೂರ್ ಮ್ಯಾನೇಜರಿಗೆ ಆಶ್ಚರ್ಯ. ಅಮ್ಮ ಗಂಜಿಗೆ ಕೂತರು.

ಊರಿಗೆ ಬಂದ ಮೇಲೆ ಕಂಪನಿಯವರು ವಾಟ್ಸಾಪಿನಲ್ಲಿ ಅಭಿಪ್ರಾಯ ಕೇಳಿದರು. ಮೇಲಿನದ್ದನ್ನೇ ಸ್ವಲ್ಪ ಮರ್ಯಾದೆಯಲ್ಲಿ ಬರೆದು ಕಳಿಸಿದೆ: ಬುಕ್ ಮಾಡುವಾಗ ಯಾವ ಜಾಗದ ಒಳಗೆ ಎಷ್ಟು ಗಂಟೆ ಅಂತ ಬರೆದು ಕೊಡಿ, ಶೋರೂಮ್ ಇದ್ದರೆ ಅದನ್ನೂ ಬರೆಯಿರಿ ಅಂತ. ಹೆಬ್ಬೆರಳಿನ ಚಿತ್ರ ಬಂತು. ಎರಡು ದಿನ ಬಿಟ್ಟು ಟರ್ಕಿ ಪ್ಯಾಕೇಜಿನ ಪಟ್ಟಿಯೂ ಬಂತು. ಅದರಲ್ಲಿ ಎಫೆಸಸ್ ಉಂಟು, ಅದೂ ರೋಮಿನವರ ಕಾಲದ ಹಾಳೂರು. ಈ ಸಲ ಗಂಟೆ ಬರೆದಿದ್ದಾರೆ, ಅಷ್ಟರ ಮಟ್ಟಿಗೆ ಮೆಚ್ಚಬೇಕು: ಎಫೆಸಸ್ ಒಂದು ಗಂಟೆ, ಚರ್ಮದ ಜಾಕೆಟಿನ ಶೋರೂಮ್ ಒಂದೂವರೆ ಗಂಟೆ. ಅಮ್ಮನಿಗೆ ಓದಿ ಹೇಳಿದೆ. ಮೀನು ಕೊಯ್ಯುತ್ತಿದ್ದವರು ಕತ್ತಿಯಿಂದ ತಲೆ ಎತ್ತದೆ ಕೇಳಿದರು, "ಅಲ್ಲಿಗೆ ರೈಲು ಉಂಟಾ?"